ಉಪವಾಸದ ದಿನ ಶುಂಠಿ ಸಲ್ಲುವುದೇ?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವವು ಮಳೆಗಾಲದ ನಡುವೆ ಬರುತ್ತದೆ. ಶೀತ, ಕೆಮ್ಮು, ಅಜೀರ್ಣಗಳು ಮನೆಮನೆಯಲ್ಲೂ ಕಾಣಿಸಿಕೊಳ್ಳುವ ಕಾಲವೂ ಅದೇ. ಏಕಭುಕ್ತ ಹಿಡಿದ ಹಿರಿಯರ ಗಂಟಲು ಕಟ್ಟಿರುವುದನ್ನು ಕಂಡು ಸೊಸೆಯೋ ಮೊಮ್ಮಗಳೋ ಅಕ್ಕರೆಯಿಂದ ಒಂದು ಲೋಟ ಕಷಾಯ ಕಾಸಿ ತರುತ್ತಾರೆ. ಆಗ ಏಳುವ ಮೊದಲ ಪ್ರಶ್ನೆ: 'ಇದಕ್ಕೆ ಶುಂಠಿ ಹಾಕಿದ್ದೀಯೇನಮ್ಮಾ?'

ಈ ಪ್ರಶ್ನೆ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಬಸದಿಯ ಪ್ರವಚನ ಮುಗಿದ ಮೇಲೆ ಶ್ರಾವಕಿಯರು ಮುನಿಗಳನ್ನು ಇದನ್ನೇ ಕೇಳುತ್ತಾರೆ. ನೆರೆಮನೆಯವರು ಬೇರೊಂದು ರೀತಿಯಲ್ಲಿ ಕೇಳುತ್ತಾರೆ: 'ನಮ್ಮಲ್ಲಿ ಏಕಾದಶಿಗೆ ಅನ್ನ ಬಿಡುತ್ತೇವೆ, ಗೆಡ್ಡೆಗೆಣಸು ತಿನ್ನುತ್ತೇವೆ. ನಿಮ್ಮಲ್ಲಿ ಅನ್ನ ಉಂಟು, ಶುಂಠಿ ಇಲ್ಲ. ಇದೇಕೆ ಹೀಗೆ?' ಪ್ರಶ್ನೆ ನ್ಯಾಯವಾದುದೇ. ವೈದಿಕ ಪರಂಪರೆಯಲ್ಲಿ ಕಂದಮೂಲಗಳು ಋಷಿಗಳ ಆಹಾರವೆಂದು ಹೆಸರಾದುವು. ಧಾನ್ಯವನ್ನು ತ್ಯಜಿಸುವುದೇ ಅಲ್ಲಿ ಅನೇಕ ವ್ರತಗಳ ಲಕ್ಷಣ. ಜೈನ ಶ್ರಾವಕಾಚಾರದ ಲೆಕ್ಕ ಬೇರೆ. ಒಂದು ತುತ್ತಿನಲ್ಲಿ ಎಷ್ಟು ಜೀವಗಳಿಗೆ ಘಾತವಾಗುತ್ತದೆ ಎಂಬುದರಿಂದ ಅದು ಆರಂಭವಾಗುತ್ತದೆ. ಈ ಎರಡು ಲೆಕ್ಕಗಳನ್ನು ಬೆರೆಸಿ ನೋಡಿದರೆ ಗೊಂದಲ, ಬೇರ್ಪಡಿಸಿ ನೋಡಿದರೆ ಎರಡರ ಅರ್ಥವೂ ತಿಳಿಯಾಗುತ್ತದೆ.

ವಾಸ್ತವವಾಗಿ 'ಉಪವಾಸದಲ್ಲಿ ಶುಂಠಿ ಸಲ್ಲುವುದೇ?' ಎಂಬುದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಹಸಿಶುಂಠಿಯನ್ನು ಶ್ರಾವಕನು ತಿನ್ನಬಹುದೇ ಎಂಬುದು ಒಂದು. ಉಪವಾಸದ ದಿನ ಯಾವ ಶುಂಠಿಯನ್ನಾದರೂ ಸೇವಿಸಬಹುದೇ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಉಪವಾಸದೊಡನೆ ಸಂಬಂಧವೇ ಇಲ್ಲ. ಎರಡನೆಯದಕ್ಕೆ ಹಸಿ-ಒಣಗಳ ಭೇದವೇ ಮುಖ್ಯವಲ್ಲ.

ಹೆಸರಿನಲ್ಲೇ ಇರುವ ಭೇದ

ಕನ್ನಡದ ಆಡುಮಾತಿನಲ್ಲಿ 'ಶುಂಠಿ' ಎಂಬ ಒಂದೇ ಶಬ್ದ ಹಸಿಯದಕ್ಕೂ ಒಣಗಿದ್ದಕ್ಕೂ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಹಸಿಯದನ್ನು 'ಅಲ್ಲ' ಎನ್ನುವುದರಿಂದ ಅಲ್ಲಿ ಗೊಂದಲ ಕಡಿಮೆ. ಸಂಸ್ಕೃತದಲ್ಲಿ ಈ ಎರಡಕ್ಕೂ ಪ್ರತ್ಯೇಕ ಹೆಸರುಗಳಿವೆ. 'ಆರ್ದ್ರ' ಎಂದರೆ ಒದ್ದೆಯಾದುದು, ಹಸಿಯಾದುದು. ಆದ್ದರಿಂದ ಹಸಿಶುಂಠಿ 'ಆರ್ದ್ರಕ'. ಹಿಂದಿಯ 'ಅದರಕ್' ಇದರಿಂದಲೇ ಬಂದದ್ದು. 'ಶುಂಠಿ' ಎಂಬುದು ಒಣಗಿದ್ದರ ಹೆಸರು. ಅದು ಹಿಂದಿಯಲ್ಲಿ 'ಸೋಂಠ್' ಆಯಿತು. ಕೊಂಬಿನಂತೆ ಕವಲೊಡೆದ ಆಕಾರದಿಂದ 'ಶೃಂಗವೇರ' ಎಂಬ ಇನ್ನೊಂದು ಹೆಸರೂ ಇದಕ್ಕಿದೆ.

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು 150 ಶ್ಲೋಕಗಳ ಚಿಕ್ಕ ಗ್ರಂಥ. ಗೃಹಸ್ಥನ ನಡೆಗೆ ದಿಗಂಬರ ಪರಂಪರೆ ಇಂದಿಗೂ ಮೊದಲು ತೆರೆದು ನೋಡುವುದು ಅದನ್ನೇ. ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಆಚಾರ್ಯರು ಶ್ರಾವಕನು ಬಿಡಬೇಕಾದ ವಸ್ತುಗಳನ್ನು ಹೆಸರಿಸುತ್ತಾರೆ. ಮೂಲಂಗಿ, ಬೆಣ್ಣೆ, ಬೇವಿನ ಹೂ, ಕೇದಗೆಗಳ ಜತೆಯಲ್ಲಿ ಶೃಂಗವೇರವೂ ಅಲ್ಲಿ ಬರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಶೃಂಗವೇರಕ್ಕೆ ಅವರು 'ಆರ್ದ್ರ' ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ನಿಷೇಧ ಇರುವುದು ಹಸಿಶುಂಠಿಗೆ. ಕಾರಣವನ್ನೂ ಅವರು ಅಲ್ಲಿಯೇ ಹೇಳುತ್ತಾರೆ: ಇವುಗಳಿಂದ ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ.

ಇಷ್ಟು ಚಿಕ್ಕ ತಕ್ಕಡಿಯಲ್ಲಿ ಇಷ್ಟು ದೊಡ್ಡ ವಿಷಯವನ್ನು ತೂಗಿದ್ದು ಆಚಾರ್ಯರ ಹಿರಿಮೆ. ದೇಹಧಾರಿಯಾದವನು ಪೂರ್ಣ ಅಹಿಂಸೆಯಿಂದ ಉಣ್ಣಲಾರ. ಒಂದು ಹಿಡಿ ಅಕ್ಕಿ ಬೇಯಿಸಿದರೂ ನೀರು, ಬೆಂಕಿ, ಗಾಳಿಗಳ ಏಕೇಂದ್ರಿಯ ಜೀವಗಳಿಗೆ ಬಾಧೆ ತಪ್ಪದು. ಆದರೆ ಆ ಅನ್ನದಿಂದ ಹಸಿವು ಹಿಂಗುತ್ತದೆ, ಶರೀರ ಧರ್ಮಸಾಧನೆಗೆ ನಿಲ್ಲುತ್ತದೆ. ಬೆರಳುದ್ದದ ಹಸಿಶುಂಠಿಯಿಂದ ಹಸಿವು ಹಿಂಗುವುದಿಲ್ಲ. ನಾಲಗೆಗೆ ಒಂದಿಷ್ಟು ಖಾರ, ಮೂಗಿಗೆ ಒಂದಿಷ್ಟು ಘಮ, ಅಷ್ಟೇ.

ಒಂದು ಗೆಡ್ಡೆ, ಅನಂತ ಜೀವ

ಹಸಿಶುಂಠಿಯಲ್ಲಿ ಘಾತ ಬಹಳವೆನ್ನಲು ಕಾರಣವನ್ನು ಜೈನ ಜೀವಶಾಸ್ತ್ರ ವಿಸ್ತಾರವಾಗಿ ವಿವರಿಸುತ್ತದೆ. ವನಸ್ಪತಿಕಾಯಿಕ ಜೀವಗಳಲ್ಲಿ ಎರಡು ಬಗೆ. ಒಂದು ಶರೀರಕ್ಕೆ ಒಂದೇ ಜೀವ ಒಡೆಯನಾಗಿದ್ದರೆ ಅದು ಪ್ರತ್ಯೇಕ ವನಸ್ಪತಿ. ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿದ್ದರೆ ಅದು ಸಾಧಾರಣ ವನಸ್ಪತಿ, ಅಂದರೆ ಅನಂತಕಾಯ. ಆ ಜೀವಗಳ ಆಹಾರ ಒಂದೇ, ಉಸಿರು ಒಂದೇ. ಅವು ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತವೆ. ಅವುಗಳನ್ನು ನಿಗೋದ ಜೀವಗಳೆನ್ನುತ್ತಾರೆ.

ಈ ವಿಷಯದಲ್ಲಿ ಕನ್ನಡ ನಾಡಿನ ಕೊಡುಗೆ ದೊಡ್ಡದು. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ 'ಗೊಮ್ಮಟಸಾರ'ವನ್ನು ರಚಿಸಿದರು. ಅದರ ಜೀವಕಾಂಡದಲ್ಲಿ ಅನಂತಕಾಯವನ್ನು ಗುರುತಿಸುವ ಲಕ್ಷಣಗಳಿವೆ: ನರ, ಸಂಧಿ, ಗೆಣ್ಣುಗಳು ಮೇಲಕ್ಕೆ ತೋರದಿರುವುದು, ಮುರಿದರೆ ಸಮವಾಗಿ ಮುರಿಯುವುದು, ನಡುವೆ ನಾರು ಉಳಿಯದಿರುವುದು, ಕತ್ತರಿಸಿದ ಮೇಲೂ ಮತ್ತೆ ಚಿಗುರುವುದು. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಬೀಜದಿಂದಲ್ಲದೆ ಮೂಲದಿಂದಲೇ ಹುಟ್ಟುವ ಸಸ್ಯಗಳನ್ನು ಶಾಸ್ತ್ರವು 'ಮೂಲಬೀಜ' ಎನ್ನುತ್ತದೆ. ಅದಕ್ಕೆ ವ್ಯಾಖ್ಯಾನಗಳು ಕೊಡುವ ಉದಾಹರಣೆಗಳೇ ಶುಂಠಿ ಮತ್ತು ಅರಿಶಿನ.

ಮಲೆನಾಡಿನ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸನ, ಶಿವಮೊಗ್ಗ, ಕೊಡಗಿನ ಹೊಲಗಳಲ್ಲಿ ಶುಂಠಿಯ ಬೀಜ ಬಿತ್ತುವವರಿಲ್ಲ. ಹಳೆಯ ಗೆಡ್ಡೆಯನ್ನು ಮುರಿದು, ಒಂದೆರಡು ಮೊಳಕೆಗಣ್ಣುಳ್ಳ ತುಂಡುಗಳನ್ನು ಮಣ್ಣಿಗಿಡುತ್ತಾರೆ. ತುಂಡು ತುಂಡೂ ಒಂದೊಂದು ಗಿಡವಾಗುತ್ತದೆ. ಅಡುಗೆಮನೆಯ ಬುಟ್ಟಿಯ ಮೂಲೆಯಲ್ಲಿ ಮರೆತುಹೋದ ಶುಂಠಿಯೂ ಕೆಲವು ದಿನಗಳಲ್ಲಿ ಹಸಿರು ಮೊಳಕೆ ಚಾಚುವುದುಂಟು. ತಿನ್ನಲು ತಂದಿಟ್ಟದ್ದು ಅಲ್ಲಿ ಬದುಕುತ್ತಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನೆಲದೊಳಗೆ ಬೆಳೆಯುವುದೆಲ್ಲ ನಿಷಿದ್ಧವೆಂದು ಹಲವರು ತಿಳಿದಿದ್ದಾರೆ. ಕಡಲೆಕಾಯಿ ನೆಲದೊಳಗೇ ಬಲಿಯುತ್ತದೆ. ಆದರೆ ಅದು ಬೀಜ, ಗೆಡ್ಡೆಯಲ್ಲ. ಸಾಮಾನ್ಯವಾಗಿ ಜೈನ ಮನೆಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ನಿಷೇಧ ಹೊರಟಿರುವುದು ಅನಂತಕಾಯದಿಂದ, ಮಣ್ಣಿನಿಂದಲ್ಲ.

ಹೀಗಾಗಿ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟ. ಹಸಿಶುಂಠಿಯನ್ನು ಬಿಡುವುದು ಅಷ್ಟಮಿ, ಚತುರ್ದಶಿಗಳಿಗೆ ಮೀಸಲಾದ ನಿಯಮವಲ್ಲ. ಸಮಂತಭದ್ರರು ಕಾಲಮಿತಿಯುಳ್ಳ ತ್ಯಾಗವನ್ನು 'ನಿಯಮ'ವೆಂದೂ, ಆಜೀವ ತ್ಯಾಗವನ್ನು 'ಯಮ'ವೆಂದೂ ಕರೆಯುತ್ತಾರೆ. ಹಸಿಶುಂಠಿಯ ತ್ಯಾಗ ಯಮವಾಗಬೇಕಾದದ್ದು. ಅಷ್ಟು ಶಕ್ತಿ ಸಾಲದವನು ಪರ್ವದ ದಿನಗಳಿಗೆ ನಿಯಮವಾಗಿ ಹಿಡಿದು, ಮೆಲ್ಲಮೆಲ್ಲನೆ ಮುಂದುವರಿಸಬಹುದು. ಶುಭಾರಂಭಕ್ಕೆ ಅದೂ ಒಳ್ಳೆಯದೇ.

ಬೇಯಿಸಿದರೆ? ಒಣಗಿಸಿದರೆ?

ಶಾಲೆಯಲ್ಲಿ ವಿಜ್ಞಾನ ಓದುವ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: 'ಬೇಯಿಸಿದರೆ ಜೀವ ಉಳಿಯುವುದಿಲ್ಲವಲ್ಲ, ಮತ್ತೇಕೆ ದೋಷ?' ಬೇಯಿಸಿದ ಶುಂಠಿ ಅಚಿತ್ತವಾಗುತ್ತದೆ, ನಿಜ. ಆದರೆ ಅದು ಅಚಿತ್ತವಾದದ್ದು ಹೇಗೆ? ಉಣ್ಣುವವನ ಸಲುವಾಗಿ, ಅವನದೇ ಒಲೆಯ ಮೇಲೆ, ಅನಂತ ಜೀವಗಳ ಘಾತದಿಂದ. ಆದ್ದರಿಂದ 'ಬೇಯಿಸಿದ್ದೇವೆ' ಎಂಬುದು ಸಮಾಧಾನವಾಗಲಾರದು.

'ಹಾಗಾದರೆ ಒಣಶುಂಠಿಯೂ ಹಿಂದೆ ಹಸಿಶುಂಠಿಯೇ ಆಗಿತ್ತಲ್ಲ? ಅದೇಕೆ ಸಲ್ಲುತ್ತದೆ?' ಇದು ಇನ್ನೂ ಕಠಿಣವಾದ ಪ್ರಶ್ನೆ. ಇದನ್ನು ಹಾರಿಸಿಬಿಡುವುದು ಸರಿಯಲ್ಲ. ಸುಮಾರು ಐದು ಕಿಲೋ ಹಸಿಶುಂಠಿ ಸಿಪ್ಪೆ ಹೆರೆಸಿಕೊಂಡು ಬಿಸಿಲಲ್ಲಿ ದಿನಗಟ್ಟಲೆ ಒಣಗಿದ ಮೇಲೆ ಉಳಿಯುವುದು ಒಂದು ಕಿಲೋದಷ್ಟು ಒಣಶುಂಠಿ. ಆ ಒಣಕೊಂಬನ್ನು ಮಣ್ಣಿಗಿಟ್ಟರೆ ಅದು ಚಿಗುರುವುದಿಲ್ಲ. ಮನೆಗೆ ಬರುವಾಗಲೇ ಅದು ಅಚಿತ್ತವಾಗಿರುತ್ತದೆ. ಬಳಕೆಯೂ ಚಿಟಿಕೆಯ ಲೆಕ್ಕದಲ್ಲಿ, ಬಹುತೇಕ ಔಷಧಿಯಾಗಿ. ಒಣಗುವಾಗ ಅದರ ಖಾರದ ಸತ್ತ್ವ ಮಾರ್ಪಟ್ಟು ಇನ್ನೂ ತೀಕ್ಷ್ಣವಾಗುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಅರಿಶಿನಕ್ಕೂ ಇದೇ ವಿಚಾರ ಅನ್ವಯ; ಹಸಿ ಅರಿಶಿನವನ್ನು ಬಿಡುವ ಮನೆಗಳಲ್ಲಿ ಒಣ ಅರಿಶಿನದ ಪುಡಿ ನಡೆಯುತ್ತದೆ.

ಇಷ್ಟಾದರೂ ಇದು ಎಲ್ಲ ಒಣಗೆಡ್ಡೆಗಳಿಗೂ ತೆರೆದ ಬಾಗಿಲಲ್ಲ. ಆಲೂಗಡ್ಡೆಯನ್ನು ಬಿಸಿಲಲ್ಲಿ ಒಣಗಿಸಿ, ಸಂಡಿಗೆ ಮಾಡಿ ತಿಂದರೆ ಅಲ್ಲಿ ಔಷಧವೂ ಇಲ್ಲ, ಮಿತಿಯೂ ಇಲ್ಲ. ಇರುವುದು ರುಚಿಯ ಆಸೆಯೊಂದೇ. ಹಾಗೆಯೇ, ಒಣಶುಂಠಿ ಸಲ್ಲುತ್ತದೆಂದು ಕೇಳಿ ಸಂತೆಯಿಂದ ಹಸಿಶುಂಠಿಯನ್ನು ಚೀಲಗಟ್ಟಲೆ ತಂದು ಮನೆಯ ಮಾಳಿಗೆಯ ಮೇಲೆ ಒಣಹಾಕುವುದೂ ಶಾಸ್ತ್ರದ ಆಶಯಕ್ಕೆ ವಿರುದ್ಧ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಹಿಂಸೆ ಅಂಟುತ್ತದೆ: ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಈ ಮೂರನೆಯದನ್ನೂ ಲೆಕ್ಕಕ್ಕೆ ಹಿಡಿದು ಒಣಶುಂಠಿಯನ್ನೂ ಬಿಟ್ಟ ಶ್ರಾವಕರಿದ್ದಾರೆ. ಬಿಟ್ಟವರು ದೊಡ್ಡವರು, ಔಷಧಿಯಾಗಿ ಮಿತದಲ್ಲಿ ಬಳಸುವವರು ಭ್ರಷ್ಟರಲ್ಲ. ವ್ರತ ಕೊಟ್ಟ ಗುರುಗಳು ಹೇಳಿದ್ದೇ ಅವರವರಿಗೆ ಪ್ರಮಾಣ.

ಉಪವಾಸವೆಂದರೆ ಯಾವುದು?

ಇನ್ನು ಎರಡನೆಯ ಪ್ರಶ್ನೆ. ಶಾಸ್ತ್ರದ ಅರ್ಥದಲ್ಲಿ ಉಪವಾಸವೆಂದರೆ ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ಬಗೆಯ ಆಹಾರದ ತ್ಯಾಗ. ದಿನಕ್ಕೆ ಒಮ್ಮೆ ಉಣ್ಣುವುದು ಪ್ರೋಷಧ. ಎರಡೂ ಕೂಡಿದ್ದು ಪ್ರೋಷಧೋಪವಾಸ: ಸಪ್ತಮಿಯ ಮಧ್ಯಾಹ್ನ ಒಮ್ಮೆ ಉಂಡು, ಅಷ್ಟಮಿಯಿಡೀ ನಿರಾಹಾರವಾಗಿದ್ದು, ನವಮಿಯ ಮಧ್ಯಾಹ್ನ ಒಮ್ಮೆ ಉಣ್ಣುವುದು. ನಡುವಿನ ಅವಧಿ 16 ಪ್ರಹರ, ಅಂದರೆ 48 ಗಂಟೆ. ಇದು ಉತ್ತಮ. ನೀರನ್ನು ಮಾತ್ರ ಇರಿಸಿಕೊಂಡು ಉಳಿದುದನ್ನು ಬಿಟ್ಟರೆ ಮಧ್ಯಮ. ಪರ್ವದಿನದಲ್ಲೂ ಏಕಭುಕ್ತವೇ ಮೊದಲಾದ ಮಿತಾಹಾರದಿಂದ ಇದ್ದರೆ ಜಘನ್ಯ. 'ಜಘನ್ಯ' ಎಂಬುದು ಇಲ್ಲಿ ನಿಂದೆಯ ಮಾತಲ್ಲ, ಮೊದಲ ಮೆಟ್ಟಿಲಿನ ಹೆಸರು.

ಈ ಮೂರು ಮೆಟ್ಟಿಲುಗಳನ್ನು ಮುಂದಿಟ್ಟುಕೊಂಡರೆ ಉತ್ತರ ತಾನಾಗಿ ದೊರೆಯುತ್ತದೆ. ಉತ್ತಮ ಉಪವಾಸದಲ್ಲಿ ನೀರೇ ಇಲ್ಲದಿರುವಾಗ ಶುಂಠಿಯ ಮಾತೇ ಏಳದು. ಮಧ್ಯಮದಲ್ಲಿ ಇರಿಸಿಕೊಂಡದ್ದು ನೀರು. ಅದಕ್ಕೆ ಶುಂಠಿ ಹಾಕಿ ಕಾಸಿದರೆ ಅದು ನೀರಲ್ಲ, ಕಷಾಯ. ಕಾಯಿಸಿ ಪ್ರಾಸುಕ ಮಾಡಿದ ನೀರಷ್ಟೇ ಅಲ್ಲಿ ಸಲ್ಲುವುದು. ಶ್ವೇತಾಂಬರ ಸಂಪ್ರದಾಯವೂ ಒಣಶುಂಠಿಯನ್ನು ಬಾಯಿರುಚಿಯ ವಸ್ತುಗಳ ಜತೆ 'ಸ್ವಾದ್ಯ' ಎಂಬ ನಾಲ್ಕನೆಯ ಆಹಾರದಲ್ಲಿ ಎಣಿಸುತ್ತದೆ. ಆದ್ದರಿಂದ ಪೂರ್ಣ ಉಪವಾಸದಲ್ಲಿ ಅಲ್ಲಿಯೂ ಅದಕ್ಕೆ ಜಾಗವಿಲ್ಲ. ಏಕಭುಕ್ತದಲ್ಲಿ ಮಾತ್ರ, ಊಟದ ಹೊತ್ತಿನಲ್ಲಿ, ಒಣಶುಂಠಿಗೆ ಅವಕಾಶ ಉಂಟು. ಊಟ ಮುಗಿಸಿ ಎದ್ದ ಮೇಲೆ ಸಂಜೆಗೊಂದು ಲೋಟ ಶುಂಠಿ ಕಷಾಯ ಕುಡಿದರೆ ಏಕಭುಕ್ತ ಎರಡಾಯಿತೆಂದೇ ಲೆಕ್ಕ.

ಒಣಶುಂಠಿಗೂ ಮರ್ಯಾದೆ ಉಂಟು. ಮರ್ಯಾದೆಯೆಂದರೆ ಪದಾರ್ಥ ಶುದ್ಧವಾಗಿ ಉಳಿಯುವ ಕಾಲಮಿತಿ. ಹಿಟ್ಟು, ಪುಡಿಗಳಿಗೆ ದಿಗಂಬರ ಮನೆಗಳಲ್ಲಿ ಚಳಿಗಾಲಕ್ಕೆ 7 ದಿನ, ಬೇಸಿಗೆಗೆ 5 ದಿನ, ಮಳೆಗಾಲಕ್ಕೆ 3 ದಿನದ ಲೆಕ್ಕ ಹಿಡಿಯುತ್ತಾರೆ. ತೇವದ ಗಾಳಿಯಲ್ಲಿ ಪುಡಿ ಬೇಗ ಹುಳ, ಬೂಷ್ಟುಗಳಿಗೆ ಮನೆಯಾಗುವುದೇ ಇದಕ್ಕೆ ಕಾರಣ. ದಶಲಕ್ಷಣ ಪರ್ವ ಮಳೆಗಾಲದಲ್ಲಿ ಬರುವುದರಿಂದ ಅಂಗಡಿಯ ಪೊಟ್ಟಣದ ಶುಂಠಿಪುಡಿ ವ್ರತಿಕರಿಗೆ ಒದಗದು. ಇಡಿಯ ಒಣಕೊಂಬನ್ನು ಒರೆಸಿ, ನೋಡಿ, ಬೇಕಾದಷ್ಟನ್ನೇ ಕುಟ್ಟಿಕೊಳ್ಳುವುದು ಕ್ರಮ. ಮುನಿಗಳಿಗೆ ಆಹಾರದಾನ ಮಾಡುವ ಮನೆಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು.

ಹೊರಗೆ ಉಣ್ಣುವವರಿಗೆ ಬೇರೊಂದು ಎಚ್ಚರ ಬೇಕು. ಹೋಟೆಲಿನ ಉಪ್ಪಿಟ್ಟು, ಪೊಂಗಲ್, ಉದ್ದಿನವಡೆ, ಮಸಾಲೆ ಮಜ್ಜಿಗೆ, ಚಹಾ, ರಸ್ತೆಬದಿಯ ಕಬ್ಬಿನ ಹಾಲು, ಇವುಗಳಲ್ಲೆಲ್ಲ ಹಸಿಶುಂಠಿ ಸದ್ದಿಲ್ಲದೆ ಸೇರಿರುತ್ತದೆ. ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಕಾಯಿಲೆಯವರ ಮಾತು

ರೋಗಿಯ ವಿಷಯದಲ್ಲಿ ಜೈನಧರ್ಮ ಕಲ್ಲುಮನಸ್ಸಿನದಲ್ಲ. ಒಣಶುಂಠಿಗೆ ಆಯುರ್ವೇದದಲ್ಲಿ 'ವಿಶ್ವಭೇಷಜ', 'ಮಹೌಷಧ' ಎಂಬ ಹೆಸರುಗಳಿವೆ. ಶುಂಠಿ, ಮೆಣಸು, ಹಿಪ್ಪಲಿಗಳು ಕೂಡಿ 'ತ್ರಿಕಟು' ಆಗುತ್ತದೆ. ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ಉಗ್ರಾದಿತ್ಯರು ಮದ್ಯ, ಮಾಂಸ, ಮಧುಗಳ ಸಹಾಯವಿಲ್ಲದೆ ಚಿಕಿತ್ಸೆ ಮಾಡುವ ಕ್ರಮವನ್ನು ತಿಳಿಸಲೆಂದೇ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನು ಬರೆದರು. ವ್ರತವನ್ನೂ ಕಾಪಾಡಬೇಕು, ರೋಗಿಯನ್ನೂ ಕಾಪಾಡಬೇಕು ಎಂಬುದೇ ಆ ಪರಂಪರೆಯ ದೃಷ್ಟಿ. ಕೆಮ್ಮಿಗೆ ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜದ ಕಷಾಯ, ಅಜೀರ್ಣಕ್ಕೆ ಓಮ, ವಾಯುವಿಗೆ ಇಂಗು, ಹೀಗೆ ಹಸಿಶುಂಠಿಯ ಕೆಲಸವನ್ನು ಮಾಡಿಕೊಡುವ ಪದಾರ್ಥಗಳು ಅಡುಗೆಮನೆಯಲ್ಲೇ ಇವೆ.

ತೀರ್ಥಂಕರತ್ವಕ್ಕೆ ಕಾರಣವಾಗುವ ಷೋಡಶ ಭಾವನೆಗಳಲ್ಲಿ 'ಶಕ್ತಿತಸ್ತ್ಯಾಗ', 'ಶಕ್ತಿತಸ್ತಪ' ಎಂಬ ಎರಡಿವೆ. ತ್ಯಾಗವಾಗಲಿ ತಪಸ್ಸಾಗಲಿ ಶಕ್ತಿಗೆ ತಕ್ಕಂತೆ ಎಂಬುದು ಅವುಗಳ ತಾತ್ಪರ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡವುಳ್ಳ ಹಿರಿಯರು ವೈದ್ಯರನ್ನು ಕೇಳಿ, ಗುರುಗಳಿಗೆ ತಿಳಿಸಿ, ತಮಗೊಪ್ಪುವ ಮೆಟ್ಟಿಲಲ್ಲಿ ನಿಂತರೆ ಅದು ವ್ರತದ ಕೊರತೆಯಲ್ಲ. ಶಕ್ತಿಯನ್ನು ಮೀರಿ ಉಪವಾಸ ಹಿಡಿದು, ನಡುವೆ ತಾಳಲಾರದೆ ಕದ್ದು ಕಷಾಯ ಕುಡಿಯುವುದಕ್ಕಿಂತ, ಮೊದಲೇ ಏಕಭುಕ್ತವನ್ನು ಹಿಡಿದು ನಿಷ್ಠೆಯಿಂದ ನಡೆಸುವುದು ಮೇಲು.

ತಿಳಿಯದೆ ಕುಡಿದುಬಿಟ್ಟಿದ್ದರೆ? ಸೊಸೆ ತಂದ ಕಷಾಯವನ್ನು ಕುಡಿದ ಮೇಲೆ ಅದರಲ್ಲಿ ಹಸಿಶುಂಠಿ ಇತ್ತೆಂದು ತಿಳಿದರೆ, ಅತ್ತೆಯವರು ಮಾಡಬೇಕಾದದ್ದು ಏನು? ಅದು ಬುದ್ಧಿಪೂರ್ವಕವಾದ ವ್ರತಭಂಗವಲ್ಲ. ಪ್ರತಿಕ್ರಮಣ ಮಾಡಿ, ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಸ್ಮರಿಸಿ ಕಾಯೋತ್ಸರ್ಗ ಮಾಡಿ, ಗುರುಗಳು ಸಿಕ್ಕಾಗ ತಿಳಿಸಿ ಅವರು ಹೇಳಿದ ಪ್ರಾಯಶ್ಚಿತ್ತವನ್ನು ನಡೆಸಿದರೆ ಆಯಿತು. ಆದರೆ ಆ ಕ್ಷಣದಲ್ಲಿ ಲೋಟವನ್ನು ಕುಕ್ಕಿ, ನಾಲ್ಕು ಜನರ ಮುಂದೆ ಆ ಹುಡುಗಿಯನ್ನು ಗದರಿಸಿದರೆ, ಅದು ಬುದ್ಧಿಪೂರ್ವಕವಾದದ್ದು. ದಶಲಕ್ಷಣದ ಮೊದಲ ದಿನದ ಧರ್ಮ ಉತ್ತಮ ಕ್ಷಮೆ. ಕಣ್ಣಿಗೆ ಕಾಣದ ನಿಗೋದ ಜೀವಗಳಿಗಾಗಿ ಶುಂಠಿಯನ್ನು ಬಿಟ್ಟವರು ಕಣ್ಣೆದುರಿಗೆ ನಿಂತ ಪಂಚೇಂದ್ರಿಯ ಜೀವವನ್ನು ನೋಯಿಸಿದರೆ, ಬಿಟ್ಟದ್ದರ ಅರ್ಥವೇನು? ಪ್ರಮಾದದಿಂದ ಕೂಡಿದ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ಕ್ರೋಧಕ್ಕಿಂತ ದೊಡ್ಡ ಪ್ರಮಾದ ಯಾವುದು?

ಎರಡು ಸಂಯಮಗಳು

ದಶಧರ್ಮಗಳಲ್ಲಿ ಸಂಯಮವೂ ಒಂದು. ಶಾಸ್ತ್ರಕಾರರು ಅದನ್ನು ಎರಡಾಗಿ ವಿಭಾಗಿಸುತ್ತಾರೆ: ಪ್ರಾಣಿಸಂಯಮ ಮತ್ತು ಇಂದ್ರಿಯಸಂಯಮ. ಪ್ರಾಣಿಗಳನ್ನು ರಕ್ಷಿಸುವುದು ಮೊದಲನೆಯದು. ಇಂದ್ರಿಯಗಳನ್ನು ಹಿಡಿತದಲ್ಲಿಡುವುದು ಎರಡನೆಯದು. ಹಸಿಶುಂಠಿಯನ್ನು ಬಿಡುವುದು ಪ್ರಾಣಿಸಂಯಮ; ಅದು ಪ್ರತಿದಿನದ್ದು. ಉಪವಾಸದ ದಿನ ಒಣಶುಂಠಿಯನ್ನೂ ಬಿಡುವುದು ಇಂದ್ರಿಯಸಂಯಮ. ಅದು ನಾಲಗೆಗೆ ಸಂಬಂಧಿಸಿದ್ದು. ಈ ಎರಡು ಕೂಡಿದಾಗಲೇ ವ್ರತ ಪೂರ್ಣವಾಗುತ್ತದೆ.

ಇದನ್ನು ಮರೆತವರು ಒಂದು ಬಲೆಗೆ ಬೀಳುತ್ತಾರೆ. ಶುಂಠಿ ಬೇಡವೆಂದು ಬಿಟ್ಟು, ಅದರ ಬದಲಿಗೆ ಮೆಣಸು, ಹಸಿಮೆಣಸಿನಕಾಯಿ, ಇಂಗು, ಏಲಕ್ಕಿ, ಲವಂಗಗಳನ್ನು ಸುರಿದು, ಏಕಭುಕ್ತದ ಒಂದು ಊಟದಲ್ಲೇ ಮೂರು ಊಟದ ರುಚಿಯನ್ನು ತುಂಬಿಸಿಕೊಳ್ಳುತ್ತಾರೆ. ಅಲ್ಲಿ ಪ್ರಾಣಿಸಂಯಮ ಉಳಿಯಿತು, ಇಂದ್ರಿಯಸಂಯಮ ಹೋಯಿತು. ಆರು ಬಾಹ್ಯ ತಪಸ್ಸುಗಳಲ್ಲಿ ಅನಶನದ ಜತೆಗೆ ರಸಪರಿತ್ಯಾಗವನ್ನೂ ಇರಿಸಿದ್ದು ಇದಕ್ಕಾಗಿಯೇ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪುಗಳಲ್ಲಿ ಒಂದನ್ನು ಬಿಟ್ಟು ಉಂಡವರಿಗೆ ಗೊತ್ತು, ನಾಲಗೆ ಎಷ್ಟು ಬೇಗ ಗೊಣಗುತ್ತದೆಂದು. ಆ ಗೊಣಗಾಟವನ್ನು ಕೇಳಿಸಿಕೊಂಡೂ ಸಮಚಿತ್ತದಿಂದ ಇರುವುದೇ ತಪಸ್ಸು.

ಆದುದರಿಂದ ಪರ್ವದ ದಿನ ಒಲೆಯ ಮುಂದೆ ನಿಂತಾಗ ಎರಡು ಮಾತುಗಳನ್ನು ಕೇಳಿಕೊಂಡರೆ ಸಾಕು. ಇದರಿಂದ ಎಷ್ಟು ಜೀವಗಳಿಗೆ ಘಾತ? ಇದು ಬೇಕಾಗಿರುವುದು ಶರೀರಕ್ಕೋ, ನಾಲಗೆಗೋ? ಈ ಎರಡಕ್ಕೂ ಪ್ರಾಮಾಣಿಕವಾದ ಉತ್ತರ ಕೊಟ್ಟುಕೊಂಡವರು ಶುಂಠಿಯ ವಿಷಯದಲ್ಲಿ ಮಾತ್ರವಲ್ಲ, ತಟ್ಟೆಗೆ ಬರುವ ಯಾವ ಪದಾರ್ಥದ ವಿಷಯದಲ್ಲೂ ತಪ್ಪುವುದಿಲ್ಲ. ಕಷಾಯ ಕಾಸುವ ಮೊದಲೇ ಮನೆಯ ಹಿರಿಯರು ಕಿರಿಯರಿಗೆ ಇದನ್ನು ಪ್ರೀತಿಯಿಂದ ತಿಳಿಸಿಕೊಟ್ಟರೆ, 'ಶುಂಠಿ ಹಾಕಿದ್ದೀಯೇನಮ್ಮಾ?' ಎಂದು ಕೇಳುವ ಪ್ರಸಂಗವೇ ಬಾರದು.